ಬಡ ಮಕ್ಕಳ ವಕೀಲ ಕುದ್ಮುಲ್ ರಂಗರಾವ್

ದಾನ ಮಾಡುವವರು ಹಲವರಿದ್ದಾರೆ. ಆದರೆ ಮಾಡಿದ ಒಳಿತಿಗಾಗಿ ಬಂಧುಬಳಗವನ್ನೂ ಮಾನಮರ್ಯಾದೆಯನ್ನೂ ಕಳೆದುಕೊಳ್ಳಲು ಸಿದ್ಧರಾಗುವವರು ವಿರಳ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ ಅಂತಹವರಲ್ಲೊಬ್ಬರು.

1859ರ ಜೂನ್ 29ರಂದು ಕಾಸರಗೋಡಿನ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಅವರು ಜನಿಸಿದರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆಯ ಹೊಣೆ ಹೊತ್ತು ಮಂಗಳೂರಿಗೆ ಬಂದ ಅವರು ತಿಂಗಳಿಗೆ 8 ರೂಪಾಯಿ ಸಂಬಳದ ಶಾಲಾ ಮಾಸ್ತರರಾದರು. ದುಡಿಯುತ್ತಲೇ ಓದಿ ವಕೀಲಿ ಪರೀಕ್ಷೆ ಪಾಸು ಮಾಡಿದರು.

ಆ ಕಾಲದಲ್ಲಿ ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. 1892ರಲ್ಲಿ ರಂಗರಾಯರು ಉರ್ವ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಎಷ್ಟು ಬಲವಾಗಿತ್ತೆಂದರೆ ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾಯಿತು. ಮೇಲ್ಜಾತಿಯ ಮಾಸ್ತರರು ಹಿಂದೆ ಸರಿದಾಗ ಕ್ರೈಸ್ತ ಶಿಕ್ಷಕರು ಕಲಿಸಲು ಮುಂದೆ ಬಂದರು. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು.

ಶಾಲೆ ತೆರೆದರಷ್ಟೇ ಮಕ್ಕಳು ಬರಲಿಲ್ಲ. ಕೂಲಿಯ ಮನೆಯಲ್ಲಿ ಮಗುವೂ ದುಡಿಯುವ ಕೈಯೇ. ಅದು ಶಾಲೆಗೆ ಹೋದರೆ ಅಂದಿನ ಗಂಜಿಗೆ ಕುತ್ತು. ಇದನ್ನು ಅರಿತ ರಂಗರಾಯರು ಹೆತ್ತವರನ್ನು ದೂರಲಿಲ್ಲ. ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನದ ಊಟ ಹಾಕಿಸಿದರು. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸವನ್ನೂ ಕಲಿಸುವ ಏರ್ಪಾಡು ಮಾಡಿದರು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಅವರು ಜಗ್ಗಲಿಲ್ಲ. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರೊಡನೆ ಮರುಮದುವೆ ಮಾಡಿದರು. ಅದೇ ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಬೇಗಂ ಶಾ ನವಾಜ್ ಅವರ ಜೊತೆ ಭಾರತದ ಮಹಿಳೆಯರ ಪರವಾಗಿ ಕುಳಿತರು.

ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ದಲಿತರೇ ಹೊರಬೇಕೆಂಬುದು ಅವರ ಇಚ್ಛೆಯಾಗಿತ್ತು. ತಾವು ಕಲಿಸಿದ ಮಕ್ಕಳು ಮುಂದೆ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂದೂ ಅವರು ಹಂಬಲಿಸಿದ್ದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಈ ಕೆಲಸದಲ್ಲಿ ರಂಗರಾಯರನ್ನು ತಮ್ಮ ಗುರುವೆಂದು ಒಪ್ಪಿಕೊಂಡರು.

ರಂಗರಾಯರು ದುಡಿದದ್ದು ಕರಾವಳಿಯಲ್ಲಿ. ಆದರೆ ಘಟ್ಟದ ಮೇಲಿನ ಕಡೂರು ಸೀಮೆಯ ಎಮ್ಮೆದೊಡ್ಡಿಯಂತಹ ಊರಿಗೂ ಅವರ ಬದುಕಿನಲ್ಲಿ ಪಾಠವಿದೆ. ನಮ್ಮ ಮೊಹಲ್ಲಾದಲ್ಲಿ ಮಗುವೊಂದು ಶಾಲೆ ಬಿಟ್ಟಾಗ ತಂದೆತಾಯಿಯರನ್ನು ಹಳಿಯುವುದು ಸುಲಭ. ಬಸ್ ಚಾರ್ಜಿಗೆ ಕಾಸಿಲ್ಲವೋ, ತಾಯಿ ಕಾಯಿಲೆಯವಳೋ, ಅಣ್ಣನ ಕೂಲಿ ಸಾಲದೋ ಎಂದು ಆ ಮನೆಯ ಹೊಸ್ತಿಲಿಗೆ ಹೋಗಿ ವಿಚಾರಿಸುವುದು ಕಷ್ಟ. ಓದುಗ ಬಾಂಧವರೇ, ರಂಗರಾಯರ ಕೆಲಸ ಶುರುವಾದದ್ದು ಆ ಹೊಸ್ತಿಲಿನಿಂದಲೇ.