ಹಳ್ಳಿಗೆ ಕರೆಂಟ್ ತಂದರು, ಕೊನೆಗೆ ಅದೇ ಜನರ ಎದುರು ಸೋತರು: ಸೆನೆಟರ್ ಜಾರ್ಜ್ ನಾರಿಸ್

1930ನೇ ಇಸವಿ. ಅಮೆರಿಕದ ನೆಬ್ರಾಸ್ಕಾ ಅನ್ನೋ ರೈತರ ರಾಜ್ಯದಲ್ಲಿ ಸೆನೆಟರ್ ಜಾರ್ಜ್ ಡಬ್ಲ್ಯೂ. ನಾರಿಸ್ ಮತ್ತೆ ಚುನಾವಣೆಗೆ ನಿಂತಿದ್ದರು. ಅಷ್ಟರಲ್ಲಿ ಬ್ರೋಕನ್ ಬೋ ಎಂಬ ಊರಿನ ಕಿರಾಣಿ ಅಂಗಡಿಯವನೊಬ್ಬ ಅದೇ ಸ್ಥಾನಕ್ಕೆ ನಾಮಪತ್ರ ಹಾಕಿದ. ಅವನ ಹೆಸರೂ ಜಾರ್ಜ್ ಡಬ್ಲ್ಯೂ. ನಾರಿಸ್! ಮತದಾರರಿಗೆ ಗೊಂದಲ ಆಗಲಿ ಅಂತಲೇ ಹೂಡಿದ ಆಟ ಇದು. ಆಡಿಸಿದ್ದು ಎದುರು ಪಕ್ಷ ಅಲ್ಲ, ಅವರದ್ದೇ ರಿಪಬ್ಲಿಕನ್ ಪಕ್ಷದ ಕೆಲವರು. ಆದರೆ ಅರ್ಜಿ ಗಡುವು ಮುಗಿದ ಮೇಲೆ ತಲುಪಿತ್ತು. ಕೋರ್ಟ್ ಅದನ್ನು ತಳ್ಳಿಹಾಕಿತು. ಸೆನೆಟರ್ ನಾರಿಸ್ ಗೆದ್ದರು.

ಸ್ವಂತ ಪಕ್ಷದವರಿಗೇ ಅವರ ಮೇಲೆ ಇಷ್ಟು ಸಿಟ್ಟು ಯಾಕೆ?

ನಾರಿಸ್ ಹುಟ್ಟಿದ್ದು 1861ರಲ್ಲಿ, ಒಹಾಯೊ ರಾಜ್ಯದ ರೈತ ಕುಟುಂಬದಲ್ಲಿ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಹೊಲದಲ್ಲಿ ದುಡಿದು, ಮೇಷ್ಟ್ರ ಕೆಲಸ ಮಾಡಿ, ಕಾನೂನು ಓದಿ ನೆಬ್ರಾಸ್ಕಾಕ್ಕೆ ಬಂದರು. ಜಿಲ್ಲಾ ನ್ಯಾಯಾಧೀಶರಾದರು. 1903ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಗೆ ಹೋದರು.

ಆಗ ಅಲ್ಲಿ ಸ್ಪೀಕರ್ ಜೋಸೆಫ್ ಕ್ಯಾನನ್ ಹೇಳಿದ್ದೇ ನಡೀತಿತ್ತು. ಯಾರು ಯಾವ ಸಮಿತಿಗೆ, ಯಾವ ಮಸೂದೆ ಚರ್ಚೆಗೆ, ಎಲ್ಲಾ ಅವರ ಕೈಯಲ್ಲೇ. ಕ್ಯಾನನ್ ಕೂಡ ರಿಪಬ್ಲಿಕನ್ನೇ. ಆದರೂ 1910ರಲ್ಲಿ ನಾರಿಸ್ ನಿರ್ಣಯ ಮಂಡಿಸಿ ಆ ಹಿಡಿತ ಮುರಿದರು. 1913ರಲ್ಲಿ ಸೆನೆಟ್‌ಗೆ, ಅಂದರೆ ಮೇಲ್ಮನೆಗೆ ಬಂದರು. ಮುಂದೆ 30 ವರ್ಷ ಅಲ್ಲೇ ಇದ್ದರು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೆನೆಟ್‌ನಲ್ಲಿ ಬೇಡ ಅಂತ ಮತ ಹಾಕಿದವರು 6 ಜನ ಮಾತ್ರ. ಅದರಲ್ಲಿ ನಾರಿಸ್ ಒಬ್ಬರು. ಅದಕ್ಕೂ ಮೊದಲೇ, ವ್ಯಾಪಾರಿ ಹಡಗುಗಳಿಗೆ ಶಸ್ತ್ರ ಕೊಡುವ ಮಸೂದೆ ತಡೆದಿದ್ದಕ್ಕೆ ದೇಶದ್ರೋಹಿ ಅನ್ನಿಸಿಕೊಂಡಿದ್ದರು. ಆಗ ಅವರು ಮುಖ ಮರೆಸಿ ಕೂರಲಿಲ್ಲ. ರಾಜಧಾನಿ ಲಿಂಕನ್‌ನಲ್ಲಿ ಬಹಿರಂಗ ಸಭೆ ಕರೆದು ತಾವು ಮಾಡಿದ್ದು ಯಾಕೆ ಅಂತ ಜನರಿಗೇ ವಿವರಿಸಿದರು. ಬೈಸಿಕೊಳ್ಳೋಕೆ ಸಿದ್ಧರಾಗಿ ಹೋದವರಿಗೆ ಚಪ್ಪಾಳೆ ಸಿಕ್ಕಿತು.

ಅವರ ದೊಡ್ಡ ಹೋರಾಟ ಕರೆಂಟಿಗಾಗಿ. ಟೆನೆಸ್ಸಿ ನದಿಗೆ ಮಸಲ್ ಶೋಲ್ಸ್ ಎಂಬಲ್ಲಿ ಸರ್ಕಾರ ಕಟ್ಟಿಸಿದ್ದ ಅಣೆಕಟ್ಟೆ ಮೇಲೆ ಕಾರು ಕಂಪನಿಯ ಹೆನ್ರಿ ಫೋರ್ಡ್ ಕಣ್ಣು ಹಾಕಿದ್ದರು. ನಾರಿಸ್ ಬಿಡಲಿಲ್ಲ. ಸರ್ಕಾರವೇ ವಿದ್ಯುತ್ ತಯಾರಿಸಬೇಕು ಅನ್ನೋ ಅವರ ಮಸೂದೆ ಎರಡು ಸಲ ಪಾಸಾಯಿತು. ಎರಡು ಸಲವೂ ಅವರದೇ ಪಕ್ಷದ ಅಧ್ಯಕ್ಷರು ತಡೆದರು, ಮೊದಲು ಕೂಲಿಜ್, ಆಮೇಲೆ ಹೂವರ್. ಈ ನಡುವೆ 1928ರ ಅಧ್ಯಕ್ಷೀಯ ಚುನಾವಣೆಯಲ್ಲಿ ನಾರಿಸ್ ಹೂವರ್‌ಗೆ ಬೆಂಬಲ ಕೊಡದೆ ಎದುರು ಪಕ್ಷದ ಅಲ್ ಸ್ಮಿತ್ ಪರ ನಿಂತಿದ್ದರು. ಪಕ್ಷದವರ ಸಿಟ್ಟಿಗೆ ಇದೂ ಕಾರಣ.

ಕೊನೆಗೆ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿಯಿಂದ ಟೆನೆಸ್ಸಿ ಕಣಿವೆ ಪ್ರಾಧಿಕಾರ ಬಂತು. 1936ರಲ್ಲಿ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯೂ ಆಯಿತು. ಆಗ ಅಮೆರಿಕದಲ್ಲಿ 10 ರೈತರ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಲೈನ್ ಎಳೆದರೆ ಲಾಭ ಇಲ್ಲ ಅಂತ ಕಂಪನಿಗಳು ಹಳ್ಳಿ ಕಡೆ ತಲೆ ಹಾಕ್ತಿರಲಿಲ್ಲ. ಸರ್ಕಾರದ ಸಾಲ ಪಡೆದು ರೈತರೇ ಸಹಕಾರ ಸಂಘ ಕಟ್ಟಿಕೊಂಡು ಕಂಬ ನೆಟ್ಟರು. 1950ರ ದಶಕದ ಹೊತ್ತಿಗೆ ಬಹುತೇಕ ರೈತರ ಮನೆಯಲ್ಲಿ ದೀಪ ಉರೀತಿತ್ತು.

1936ರಲ್ಲಿ ಪಕ್ಷ ಬಿಟ್ಟು ಪಕ್ಷೇತರರಾಗಿ ನಿಂತಾಗಲೂ ಜನ ಗೆಲ್ಲಿಸಿದರು. ಆದರೆ 1942ರಲ್ಲಿ, 81ನೇ ವಯಸ್ಸಿನಲ್ಲಿ, ರಿಪಬ್ಲಿಕನ್ ಪಕ್ಷದ ಕೆನೆತ್ ವೆರಿ ಎದುರು ಸೋತರು. ಬೇಸರದಲ್ಲೇ ತಮ್ಮೂರು ಮೆಕುಕ್‌ಗೆ ವಾಪಸ್ಸಾದರು. 1944ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಅವರ ಮನೆ ಈಗ ಸ್ಮಾರಕ. ಮನೆ ಇರುವ ರಸ್ತೆಗೂ ಅವರದೇ ಹೆಸರು. ನೆಬ್ರಾಸ್ಕಾದ ಮನೆ, ಅಂಗಡಿಗಳಿಗೆ ಇವತ್ತಿಗೂ ಕರೆಂಟ್ ಕೊಡೋದು ಖಾಸಗಿ ಕಂಪನಿಗಳಲ್ಲ, ಸಾರ್ವಜನಿಕ ಮತ್ತು ಸಹಕಾರಿ ಸಂಸ್ಥೆಗಳೇ.