ಓದಲು ಬಿಡದವರೇ ಓದು ಬರುತ್ತಾ ಅಂತ ಕೇಳಿದಾಗ

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಸಮುದ್ರ ತೀರದಲ್ಲಿ ಬ್ಯೂಫರ್ಟ್ ಅಂತ ಒಂದು ಸಣ್ಣ ಊರಿದೆ. (ಪಕ್ಕದ ನಾರ್ತ್ ಕೆರೊಲಿನಾದಲ್ಲೂ ಇದೇ ಸ್ಪೆಲ್ಲಿಂಗಿನ ಊರಿದೆ, ಅದನ್ನು ಬೋಫರ್ಟ್ ಅನ್ನಬೇಕು.) ಅಲ್ಲಿನ ಪ್ರಿನ್ಸ್ ಸ್ಟ್ರೀಟಿನಲ್ಲಿ 511ನೇ ನಂಬರಿನ ಮನೆ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ. 1839ರ ಏಪ್ರಿಲ್ 5ರಂದು ಈ ಮನೆಯ ಹಿತ್ತಲಿನ ಗುಲಾಮರ ಗುಡಿಸಲಿನಲ್ಲಿ ಒಂದು ಗಂಡುಮಗು ಹುಟ್ಟಿತು. 1915ರಲ್ಲಿ ಅದೇ ವ್ಯಕ್ತಿ ಅದೇ ಮನೆಯೊಳಗೆ, ಮನೆಯ ಮಾಲೀಕನಾಗಿ ತೀರಿಕೊಂಡ. ಹೆಸರು ರಾಬರ್ಟ್ ಸ್ಮಾಲ್ಸ್.

ನಾನು ಬ್ಯೂಫರ್ಟ್‌ಗೆ ಹೋಗಿದ್ದು ಹಡಗಿನ ಕತೆಯ ಆಸೆಗೆ. ಎಂಜಿನಿಯರಿಂಗ್ ಓದಿದವರ ಚಟ, ಸ್ಟೀಮರ್ ಅಂದರೆ ಕಿವಿ ನೆಟ್ಟಗಾಗುತ್ತೆ. ಸ್ಮಾಲ್ಸ್ ಹೆಸರು ಕೇಳಿದ ಹೆಚ್ಚಿನವರಿಗೆ ಗೊತ್ತಿರೋದೂ ಆ ಒಂದು ರಾತ್ರಿಯ ಕತೆಯೇ. ಆದರೆ ಆ ಊರಿನ ಸಣ್ಣ ಮ್ಯೂಸಿಯಂ, ಚರ್ಚಿನ ಅಂಗಳದಲ್ಲಿರುವ ಆತನ ಸಮಾಧಿ, ಅಲ್ಲಲ್ಲಿ ನಿಲ್ಲಿಸಿರುವ ಫಲಕಗಳನ್ನೆಲ್ಲ ನೋಡುತ್ತಾ ಹೋದಾಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ರಾತ್ರಿಯ ನಂತರದ ಬದುಕು. ಆದರೂ ಹಡಗಿನ ಕತೆ ಹೇಳದೆ ಮುಂದಕ್ಕೆ ಹೋಗೋ ಹಾಗಿಲ್ಲ.

ಸ್ಮಾಲ್ಸ್‌ನ ತಾಯಿ ಲಿಡಿಯಾ, ಮೆಕೀ ಕುಟುಂಬದ ಗುಲಾಮಳು. ಹುಡುಗನಿಗೆ 12 ವರ್ಷ ಆದಾಗ ಮಾಲೀಕ ಅವನನ್ನು ಚಾರ್ಲ್ಸ್‌ಟನ್ ನಗರಕ್ಕೆ ಕೂಲಿಗೆ ಕಳಿಸಿದ. ಹೋಟೆಲಿನಲ್ಲಿ ಕೆಲಸ, ಬೀದಿ ದೀಪ ಹಚ್ಚುವ ಕೆಲಸ, ಆಮೇಲೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ. ದುಡಿದ ಕೂಲಿ ಮಾಲೀಕನಿಗೆ, ವಾರಕ್ಕೆ ಒಂದು ಡಾಲರ್ ಇವನಿಗೆ. 1856ರಲ್ಲಿ ಹ್ಯಾನಾ ಎಂಬ ಗುಲಾಮ ಹೆಣ್ಣುಮಗಳನ್ನು ಮದುವೆಯಾದ. ಹೆಂಡತಿಯನ್ನೂ ಮಗಳನ್ನೂ ಬಿಡಿಸಿಕೊಳ್ಳೋಕೆ ಮಾಲೀಕ ಹೇಳಿದ ಬೆಲೆ 800 ಡಾಲರ್. ಸ್ಮಾಲ್ಸ್ ಕೂಡಿಟ್ಟಿದ್ದು ಸುಮಾರು 100.

ಅಷ್ಟರಲ್ಲಿ ಅಂತರ್ಯುದ್ಧ ಶುರುವಾಯ್ತು. ಗುಲಾಮಗಿರಿ ಉಳಿಸಿಕೊಳ್ಳೋಕೆ ಒಕ್ಕೂಟದಿಂದ ಹೊರಬಿದ್ದ ದಕ್ಷಿಣದ ರಾಜ್ಯಗಳ ಸೇನೆಗೆ ಪ್ಲಾಂಟರ್ ಎಂಬ ಸ್ಟೀಮರ್ ಇತ್ತು. ಅದರ ಚುಕ್ಕಾಣಿ ಸ್ಮಾಲ್ಸ್ ಕೈಯಲ್ಲಿ. ಕೆಲಸ ಪೈಲಟ್‌ನದೇ, ಆದರೆ ಆ ಪದವಿ ಬಿಳಿಯರಿಗೆ ಮಾತ್ರ. ಹಾಗಾಗಿ ಅವನನ್ನು ಚಕ್ರ ಹಿಡಿಯುವವನು ಅಂತಷ್ಟೇ ಕರೀತಿದ್ರು. ಕೆಲಸ ಒಬ್ಬನದು, ಹುದ್ದೆ ಇನ್ನೊಬ್ಬನದು ಅನ್ನೋದು ನಮಗೇನೂ ಹೊಸದಲ್ಲ ಬಿಡಿ.

1862ರ ಮೇ 12ರ ರಾತ್ರಿ ಹಡಗಿನ ಮೂವರು ಬಿಳಿ ಅಧಿಕಾರಿಗಳು ನಿಯಮ ಮೀರಿ ದಡಕ್ಕೆ ಹೋಗಿ ಮಲಗಿದರು. ಬೆಳಗಿನ ಜಾವ ಮೂರರ ಹೊತ್ತಿಗೆ ಸ್ಮಾಲ್ಸ್ ಮತ್ತು ಜೊತೆಗಿದ್ದ ಗುಲಾಮರು ಹಡಗು ಹೊರಡಿಸಿದರು. ಇನ್ನೊಂದು ಕಟ್ಟೆಯಲ್ಲಿ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು, ಒಟ್ಟು 16 ಜನ. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು, ಅವನ ಹಾಗೇ ನಿಂತುಕೊಂಡು, ಒಂದೊಂದು ಕೋಟೆ ದಾಟುವಾಗಲೂ ಸರಿಯಾದ ಸೀಟಿ ಸಂಕೇತ ಕೊಟ್ಟ. ಕೊನೆಯ ಕೋಟೆ ಸಮ್ಟರ್. ಅದರ ಫಿರಂಗಿ ಮುಟ್ಟದಷ್ಟು ದೂರ ಹೋದ ಮೇಲೆ ಬಿಳಿ ಹಾಸುಬಟ್ಟೆ ಏರಿಸಿ ಒಕ್ಕೂಟದ ನೌಕಾಪಡೆಗೆ ಹಡಗನ್ನು ಒಪ್ಪಿಸಿದ. ಜೊತೆಗೆ ಅದರಲ್ಲಿದ್ದ ಫಿರಂಗಿಗಳು, ಸಂಕೇತಗಳ ಪುಸ್ತಕ. ಆಗ ಸ್ಮಾಲ್ಸ್‌ಗೆ 23 ವರ್ಷ. ಅದೇ ಆಗಸ್ಟಿನಲ್ಲಿ ವಾಷಿಂಗ್ಟನ್‌ಗೆ ಹೋಗಿ ಲಿಂಕನ್‌ನನ್ನು ಕಂಡ. ಕರಾವಳಿಯ 5,000 ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳಲು ಅನುಮತಿ ಬಂದಿದ್ದೂ ಅದೇ ತಿಂಗಳು.

ಈಗ ಮನೆಯ ವಿಷಯಕ್ಕೆ ಬರ್ತೀನಿ. 1861ರ ನವೆಂಬರಿನಲ್ಲೇ ಒಕ್ಕೂಟದ ಪಡೆ ಬ್ಯೂಫರ್ಟ್ ಹಿಡಿದಿತ್ತು. ಬಿಳಿ ಜಮೀನ್ದಾರರು ಊರು ಬಿಟ್ಟು ಓಡಿದರು, ಸುಮಾರು 10,000 ಗುಲಾಮರು ಅಲ್ಲೇ ಉಳಿದರು. ತೆರಿಗೆ ಕಟ್ಟದ ಆಸ್ತಿಗಳನ್ನು ಸರ್ಕಾರ ಹರಾಜಿಗೆ ಹಾಕಿತು. ಹಡಗು ತಂದುಕೊಟ್ಟಿದ್ದಕ್ಕೆ ಸಿಕ್ಕಿದ 1,500 ಡಾಲರ್ ಬಹುಮಾನದ ಬಲ ಇದ್ದ ಸ್ಮಾಲ್ಸ್, ತಾನು ಯಾರ ಆಸ್ತಿಯಾಗಿ ಹುಟ್ಟಿದನೋ ಅವರ ಮನೆಯನ್ನೇ ಆ ಹರಾಜಿನಲ್ಲಿ ಕೊಂಡ. ಮೆಕೀ ಆ ಮನೆಯನ್ನು ಯುದ್ಧಕ್ಕೂ ಮೊದಲೇ ಡೆ ಟ್ರೆವಿಲ್ ಎಂಬುವವನಿಗೆ ಮಾರಿದ್ದ. ಅವನು ಮನೆ ವಾಪಸ್ ಬೇಕು ಅಂತ ಕೋರ್ಟಿಗೆ ಹೋದ. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1878ರಲ್ಲಿ ಸ್ಮಾಲ್ಸ್ ಪರ ತೀರ್ಪಾಯ್ತು. ಅದೇ ಹರಾಜಿನ ಪತ್ರ ಹಿಡಿದುಕೊಂಡು ಐದತ್ತು ಎಕರೆ ಮಾಡಿಕೊಂಡಿದ್ದ ಎಷ್ಟೋ ಮಾಜಿ ಗುಲಾಮರ ಜಮೀನೂ ಆ ತೀರ್ಪಿಂದ ಗಟ್ಟಿಯಾಯ್ತು. ಮುಂದೆ ಮೆಕೀಯ ಹೆಂಡತಿ ಮುಪ್ಪಿನಲ್ಲಿ ಮರೆವು ಹತ್ತಿ ಹಳೆ ಮನೆಗೆ ಬಂದಾಗ ಸ್ಮಾಲ್ಸ್ ಅವಳನ್ನು ಒಳಗೆ ಇರಿಸಿಕೊಂಡ ಅನ್ನೋ ಕತೆಯನ್ನು ಊರಿನವರು ಹೇಳುತ್ತಾರೆ. ಪ್ರವಾಸಿಗರಿಗೆ ಆ ಕತೆ ಬಹಳ ಇಷ್ಟ. ನನಗೆ ಕೋರ್ಟ್ ಕೇಸೇ ಮುಖ್ಯ ಅನ್ನಿಸಿತು.

ಇಷ್ಟೆಲ್ಲ ಮಾಡಿದ ಸ್ಮಾಲ್ಸ್‌ಗೆ ಓದಲು ಬರುತ್ತಿರಲಿಲ್ಲ. ಗುಲಾಮರಿಗೆ ಓದು ಬರಹ ಕಲಿಸುವುದನ್ನು 1834ರಲ್ಲೇ ಸೌತ್ ಕೆರೊಲಿನಾ ಅಪರಾಧ ಮಾಡಿತ್ತು. ಕಲಿಸಿದವರಿಗೆ ದಂಡ, ಜೈಲು, ಕಪ್ಪು ಜನರಾದರೆ ಛಡಿಯೇಟು. ಬಂದರಿನ ಆಳ, ಮರಳದಿಬ್ಬ, ಸೀಟಿಯ ಲೆಕ್ಕ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು ಹಡಗು ನಡೆಸಿದವನು ಅಕ್ಷರ ಕಲಿತಿದ್ದು ಸ್ವತಂತ್ರನಾದ ಮೇಲೆ, 25ರ ಆಸುಪಾಸಿನಲ್ಲಿ, ಫಿಲಡೆಲ್ಫಿಯಾದಲ್ಲಿ ಮೇಷ್ಟ್ರನ್ನು ಇಟ್ಟುಕೊಂಡು. ಅದೇ ಊರಿನಲ್ಲಿ ಕಪ್ಪು ಮನುಷ್ಯ ಅಂತ ಅವನನ್ನು ಟ್ರಾಮ್‌ನಿಂದ ಇಳಿಸಿದರು. ಯುದ್ಧವೀರನನ್ನು ಇಳಿಸಿದ್ದು ದೊಡ್ಡ ಗಲಾಟೆಯಾಯ್ತು. 1867ರಲ್ಲಿ ಆ ರಾಜ್ಯ ಟ್ರಾಮ್‌ಗಳಲ್ಲಿ ಭೇದ ಮಾಡುವುದನ್ನು ಕಾನೂನಿನಿಂದ ನಿಷೇಧಿಸಿತು.

1868ರಲ್ಲಿ ಸೌತ್ ಕೆರೊಲಿನಾಗೆ ಹೊಸ ಸಂವಿಧಾನ ಬರೆಯಲು ಸಭೆ ಸೇರಿತು. ಯುದ್ಧಕ್ಕೆ ಮುಂಚಿನ 1860ರ ಜನಗಣತಿಯಲ್ಲಿ ಆ ರಾಜ್ಯದ 7 ಲಕ್ಷ ಜನರಲ್ಲಿ 4 ಲಕ್ಷ ಮಂದಿ ಗುಲಾಮರು. ಹಾಗಾಗಿ ನಿಜವಾದ ಚುನಾವಣೆ ನಡೆದಾಗ ಸಭೆಯಲ್ಲಿ ಕಪ್ಪು ಸದಸ್ಯರದೇ ಬಹುಮತ. ಅಲ್ಲಿ ಸ್ಮಾಲ್ಸ್ ಮಂಡಿಸಿದ್ದು ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಸಾರ್ವಜನಿಕ ಶಾಲೆಯ ಪ್ರಸ್ತಾಪ. ರಾಜ್ಯದಲ್ಲಿ ಎಲ್ಲರಿಗೂ ಸೇರಿದ ಶಾಲಾ ವ್ಯವಸ್ಥೆಗೆ ಬುನಾದಿ ಬಿದ್ದಿದ್ದು ಆ ಸಂವಿಧಾನದಲ್ಲೇ. ಮುಂದೆ ರಾಜ್ಯದ ಎರಡೂ ಸದನ, ಆಮೇಲೆ 1875ರಿಂದ 1887ರ ನಡುವೆ ಬಿಟ್ಟುಬಿಟ್ಟು ಐದು ಅವಧಿ ಅಮೆರಿಕದ ಸಂಸತ್ತು. ಜ್ಯೋತಿಬಾ ಫುಲೆ ತಮ್ಮ ಗುಲಾಮಗಿರಿ ಪುಸ್ತಕವನ್ನು ಗುಲಾಮಿ ಪದ್ಧತಿ ಕಿತ್ತೆಸೆದ ಅಮೆರಿಕದ ಜನರಿಗೆ ಅರ್ಪಿಸಿದ್ದು 1873ರಲ್ಲಿ, ಅಂದರೆ ಈ ಭರವಸೆಯ ಕಾಲದಲ್ಲೇ.

ಭರವಸೆ ಬಹಳ ದಿನ ಉಳಿಯಲಿಲ್ಲ. 1876ರ ಚುನಾವಣೆ ಹೊತ್ತಿಗೆ ಕೆಂಪು ಅಂಗಿಯ ಸಶಸ್ತ್ರ ಗುಂಪುಗಳು ಬೀದಿಗಿಳಿದಿದ್ದವು. ಮರುವರ್ಷ ಒಕ್ಕೂಟ ಸರ್ಕಾರ ಕೈಚೆಲ್ಲಿತು. ಅದೇ ವರ್ಷ ಸ್ಮಾಲ್ಸ್ ಮೇಲೆ 5,000 ಡಾಲರ್ ಲಂಚದ ಕೇಸು, ಮೂರು ವರ್ಷ ಜೈಲಿನ ತೀರ್ಪು. ಅಪೀಲು ಬಾಕಿ ಇರುವಾಗಲೇ 1879ರಲ್ಲಿ ಕ್ಷಮಾದಾನ. ಅದಕ್ಕೆ ಪ್ರತಿಯಾಗಿ ಚುನಾವಣಾ ಅಕ್ರಮದ ಆರೋಪ ಹೊತ್ತಿದ್ದ ಬಿಳಿಯರ ಮೇಲಿನ ಕೇಸುಗಳನ್ನು ಕೈಬಿಡಲಾಯಿತು. ಎರಡೂ ಕಡೆಯ ಫೈಲು ಒಟ್ಟಿಗೆ ಮುಚ್ಚುವ ಈ ವಿದ್ಯೆಯನ್ನು ಬೆಂಗಳೂರಿನ ಓದುಗರಿಗೆ ನಾನು ವಿವರಿಸಬೇಕಿಲ್ಲ.

1882ರಲ್ಲಿ ಬಂದಿದ್ದು ಎಂಟು ಪೆಟ್ಟಿಗೆಗಳ ಕಾನೂನು. ಒಂದೊಂದು ಹುದ್ದೆಗೆ ಒಂದೊಂದು ಮತಪೆಟ್ಟಿಗೆ, ಪ್ರತಿಯೊಂದರ ಮೇಲೂ ಹೆಸರು ಬರೆದಿರುತ್ತೆ, ಚೀಟಿ ತಪ್ಪು ಪೆಟ್ಟಿಗೆಗೆ ಬಿದ್ದರೆ ಮತ ಲೆಕ್ಕಕ್ಕಿಲ್ಲ. ಓದು ಬಾರದವರು ಪೆಟ್ಟಿಗೆ ಇರುವ ಜಾಗ ನೆನಪಿಟ್ಟುಕೊಂಡರೆ ಅಧಿಕಾರಿಗಳು ಜಾಗ ಬದಲಿಸುತ್ತಿದ್ದರು. ಎಂಜಿನಿಯರ್ ಕಣ್ಣಿಂದ ನೋಡಿದರೆ ಇದು ಕೆಲವರು ಸೋಲಲಿ ಅಂತಲೇ ವಿನ್ಯಾಸ ಮಾಡಿದ ಯಂತ್ರ. ಕಾನೂನಿನಲ್ಲಿ ಬಣ್ಣದ ಹೆಸರೇ ಇಲ್ಲ.

ಅದೂ ಸಾಲದು ಅಂತ 1895ರಲ್ಲಿ ಮತ್ತೆ ಸಂವಿಧಾನ ಸಭೆ ಕರೆದರು. ಕರೆಸಿದವನು ಬೆನ್ ಟಿಲ್‌ಮನ್. ಕಪ್ಪು ಜನರ ಮತ ಕಿತ್ತುಕೊಳ್ಳೋದೇ ಉದ್ದೇಶ ಅನ್ನೋದನ್ನು ಅವನು ಮುಚ್ಚಿಡಲೂ ಇಲ್ಲ. 160 ಸದಸ್ಯರಲ್ಲಿ ಕಪ್ಪು ಸದಸ್ಯರು ಆರು, ಅದರಲ್ಲಿ ಐವರು ಬ್ಯೂಫರ್ಟ್‌ನವರು. 56 ವರ್ಷದ ಸ್ಮಾಲ್ಸ್ ಅವರಲ್ಲೊಬ್ಬ. ಮತ ಬೇಕಾದರೆ ಸಂವಿಧಾನದ ಭಾಗವೊಂದನ್ನು ಓದಿ ಬರೆಯಬೇಕು, ಇಲ್ಲಾ 300 ಡಾಲರ್ ಬೆಲೆಯ ಆಸ್ತಿ ಇರಬೇಕು ಅಂತ ನಿಯಮ ಬಂತು. ಮೊದಲ ಎರಡು ವರ್ಷ ಇನ್ನೊಂದು ದಾರಿ ಇತ್ತು: ಅಧಿಕಾರಿ ಓದಿದ್ದನ್ನು ಕೇಳಿ ಅರ್ಥ ಹೇಳಿದರೂ ಸಾಕು. ಅರ್ಥ ಸರಿಯೋ ತಪ್ಪೋ ಅಂತ ತೀರ್ಮಾನಿಸೋದು ಅದೇ ಅಧಿಕಾರಿ. ಓದು ಬಾರದ ಬಿಳಿಯರಿಗೆ ಇದು ಬಾಗಿಲು, ಕಪ್ಪು ಜನರಿಗೆ ಗೋಡೆ. ಓದಿದರೆ ಶಿಕ್ಷೆ ಅನ್ನೋ ಕಾಲದಲ್ಲಿ ಹುಟ್ಟಿದವನು ಈಗ ಓದದಿದ್ದರೆ ಮತ ಇಲ್ಲ ಅನ್ನೋ ಸಭೆಯಲ್ಲಿ ಕೂತಿದ್ದ.

ಸ್ಮಾಲ್ಸ್ ಸುಮ್ಮನೆ ಕೂರಲಿಲ್ಲ. ತನ್ನ ಜನಕ್ಕೆ ವಿಶೇಷ ರಕ್ಷಣೆ ಬೇಡ, ಸಮಾನ ಅವಕಾಶ ಕೊಟ್ಟರೆ ಸಾಕು ಅಂತ ವಾದಿಸಿದ. ಕಪ್ಪು ಬಿಳಿಯರ ಮದುವೆ ನಿಷೇಧಿಸುವ ಚರ್ಚೆ ಬಂದಾಗ, ಹಾಗಾದರೆ ಕಪ್ಪು ಹೆಣ್ಣನ್ನು ಇಟ್ಟುಕೊಂಡ ಬಿಳಿಯನಿಗೂ ಸರ್ಕಾರಿ ಹುದ್ದೆ ಇರಬಾರದು, ಹುಟ್ಟುವ ಮಗುವಿಗೆ ಅಪ್ಪನ ಹೆಸರೇ ಇರಬೇಕು ಅಂತ ತಿದ್ದುಪಡಿ ತಂದ. ಸಭೆ ಕಕ್ಕಾಬಿಕ್ಕಿ. ತಿದ್ದುಪಡಿ ಬಿದ್ದುಹೋಯ್ತು. ಕೊನೆಗೆ ಆ ಸಂವಿಧಾನಕ್ಕೆ ಸಹಿ ಹಾಕಲು ಸ್ಮಾಲ್ಸ್ ಒಪ್ಪಲಿಲ್ಲ.

ಆ ಯಂತ್ರ ಕೆಲಸ ಮಾಡಿತು. 1897ರ ನಂತರ ಸೌತ್ ಕೆರೊಲಿನಾದಿಂದ ಇನ್ನೊಬ್ಬ ಕಪ್ಪು ಪ್ರತಿನಿಧಿ ಅಮೆರಿಕದ ಸಂಸತ್ತಿಗೆ ಹೋಗಿದ್ದು 1993ರಲ್ಲಿ. 1965ರ ಮತದಾನ ಹಕ್ಕು ಕಾಯ್ದೆ ಇಂಥ ಓದಿನ ಪರೀಕ್ಷೆಗಳನ್ನು ತಡೆದಾಗ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ಪ್ರಶ್ನಿಸಿದ್ದೂ ಇದೇ ರಾಜ್ಯ. ಮರುವರ್ಷ ಸೋತಿತು. ಬ್ರಿಟಿಷರ ಕಾಲದ ಭಾರತದಲ್ಲೂ ಮತದ ಹಕ್ಕಿಗೆ ಆಸ್ತಿ, ಓದು, ತೆರಿಗೆಯ ಅರ್ಹತೆಗಳಿದ್ದವು. 1913ರಿಂದ ನ್ಯೂಯಾರ್ಕಿನಲ್ಲಿ ಓದಿದ ಬಾಬಾಸಾಹೇಬರು ಮುಂದೆ ಆ ಬೇಲಿಗಳ ವಿರುದ್ಧ, ಎಲ್ಲ ವಯಸ್ಕರಿಗೂ ಮತ ಅಂತ ಪಟ್ಟು ಹಿಡಿದರು. ಅವರು ಅಲ್ಲಿದ್ದಾಗ ಸ್ಮಾಲ್ಸ್ ಇನ್ನೂ ಬದುಕಿದ್ದ, ಬ್ಯೂಫರ್ಟ್‌ನ ಬಂದರಿನ ಸುಂಕದ ಅಧಿಕಾರಿ ಕೆಲಸವನ್ನು ಆಗಷ್ಟೇ ಕಳೆದುಕೊಂಡು.

ಯುದ್ಧದ ನಂತರದ ಆ ದಶಕಗಳ ನೆನಪಿಗೆ ಮೀಸಲಾದ ರಾಷ್ಟ್ರೀಯ ಸ್ಮಾರಕ ಅಮೆರಿಕದಲ್ಲಿ ಘೋಷಣೆಯಾಗಿದ್ದು 2017ರಲ್ಲಿ, ಅದೂ ಬ್ಯೂಫರ್ಟ್ ಸುತ್ತಮುತ್ತ. ಅಂತರ್ಯುದ್ಧದ ರಣರಂಗಗಳಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಸಿಕ್ಕ ಗೌರವ, ಶಾಲೆ ಕಟ್ಟಿದ, ಮತ ಹಾಕಿದ ಕಾಲಕ್ಕೆ ಸಿಗಲು ಇಷ್ಟು ತಡ. ರಾಜಧಾನಿ ಕೊಲಂಬಿಯಾದಲ್ಲಿ ಶಾಸನಸಭೆ ಕಟ್ಟಡದ ಆವರಣದಲ್ಲಿ ಬೆನ್ ಟಿಲ್‌ಮನ್ ಪ್ರತಿಮೆ 1940ರಿಂದ ನಿಂತಿದೆ. ಅದೇ ಆವರಣದಲ್ಲಿ ರಾಬರ್ಟ್ ಸ್ಮಾಲ್ಸ್ ಪ್ರತಿಮೆ ನಿಲ್ಲಿಸಬೇಕು ಅಂತ ಸೌತ್ ಕೆರೊಲಿನಾ ಕಾನೂನು ಮಾಡಿದ್ದು 2024ರಲ್ಲಿ.