ಶಬ್ದ ಪಾಠಕ್ಕೆ ಬಂದ ಬೀಥೋವನ್

ಅಭ್ಯಾಸ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಗೆ ‘ಶಬ್ದ’ ಪಾಠ ಮಾಡಬೇಕಿತ್ತು. ಪೀಠಿಕೆಗೆಂದು 2006ರ ‘ಕಾಪಿಯಿಂಗ್ ಬೀಥೋವನ್’ ಚಲನಚಿತ್ರದ ಒಂದು ದೃಶ್ಯ ತೋರಿಸಿದೆ. ಒಂಬತ್ತನೇ ಸಿಂಫನಿಯ ಮೊದಲ ಪ್ರದರ್ಶನ. ಕಿವಿ ಕೇಳದ ಬೀಥೋವನ್ ವೇದಿಕೆಯ ಮೇಲೆ. ವಾದ್ಯಗಾರರ ನಡುವೆ ಅಡಗಿ ಕುಳಿತ ಯುವತಿಯೊಬ್ಬಳು ಕೈಸನ್ನೆಯಿಂದ ಅವನಿಗೆ ತಾಳ ತೋರಿಸುತ್ತಾಳೆ. ಮೊದಲ ಬೆಂಚಿನಲ್ಲಿ ಶ್ರವಣ ಸಾಧನ ಧರಿಸಿದ್ದ ಹುಡುಗಿ, ಆ ಅಕ್ಕ ನಿಜವಾಗಿಯೂ ಇದ್ದಳೇ ಎಂದು ಕೇಳಿದಳು. ಪರಿಶೀಲಿಸದೆಯೇ ಹೌದು ಎಂದುಬಿಟ್ಟೆ.

ಆ ರಾತ್ರಿ ಕುಳಿತು ಅವನ ಜೀವನ ಓದಿದೆ. 1770ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಹುಟ್ಟಿದವನು. ಗಾಯಕನಾಗಿದ್ದ ತಂದೆಯೇ ಮೊದಲ ಗುರು. ಬಹಳ ಕಠಿಣ ಗುರು. 1792ರಲ್ಲಿ ವಿಯೆನ್ನಾಕ್ಕೆ ಹೋಗಿ ಪಿಯಾನೋ ವಾದಕನಾಗಿ ಹೆಸರು ಮಾಡಿದ. ಮೂವತ್ತು ತುಂಬುವ ಮೊದಲೇ ಕಿವಿ ಮಂದವಾಗತೊಡಗಿತು. 1802ರಲ್ಲಿ ತಮ್ಮಂದಿರಿಗೆ ಪತ್ರ ಬರೆದು ತನ್ನ ಸಂಕಟವನ್ನೂ, ಕಲೆಗಾಗಿಯೇ ಬದುಕಿ ಉಳಿದುದನ್ನೂ ತೋಡಿಕೊಂಡ. ಅದನ್ನು ಕಳುಹಿಸಲೇ ಇಲ್ಲ. ಮುಂದೆ ಮೆಲ್ಟ್ಸೆಲ್ ಎಂಬ ಕುಶಲಕರ್ಮಿ ಮಾಡಿಕೊಟ್ಟ ತುತ್ತೂರಿಯಂಥ ಶ್ರವಣ ನಳಿಕೆಗಳನ್ನು ಬಳಸಿದ. 1818ರಿಂದ ಬಂದವರು ತಮ್ಮ ಮಾತನ್ನು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು.

ಒಂಬತ್ತನೇ ಸಿಂಫನಿ 1824ರ ಮೇ 7ರಂದು ವಿಯೆನ್ನಾದ ರಂಗಮಂದಿರದಲ್ಲಿ ಮೊದಲ ಬಾರಿಗೆ ನುಡಿಯಿತು. ಬೀಥೋವನ್ ವೇದಿಕೆಯ ಮೇಲಿದ್ದು ತಾಳ ತೋರಿಸುತ್ತಿದ್ದನಾದರೂ, ವಾದ್ಯಗಾರರು ನೋಡುತ್ತಿದ್ದುದು ನಿರ್ದೇಶಕ ಉಮ್ಲಾಫನ ಕೈಯನ್ನು. ಹಾಗೆಂದು ಮೊದಲೇ ನಿಶ್ಚಯವಾಗಿತ್ತು. ಜನ ಚಪ್ಪಾಳೆ ತಟ್ಟಿದಾಗ ಅವನು ಬೆನ್ನು ಹಾಕಿ ನಿಂತಿದ್ದ. ಗಾಯಕಿ ಕಾರೊಲಿನ್ ಉಂಗರ್ ಅವನನ್ನು ಸಭೆಯತ್ತ ತಿರುಗಿಸಿದಳು. ಆಗಲೇ ಆ ಚಪ್ಪಾಳೆ ಅವನಿಗೆ ಕಂಡದ್ದು. 1827ರಲ್ಲಿ ಅವನು ತೀರಿಕೊಂಡ. ಚಿತ್ರದ ಆ ಯುವತಿ ಆನಾ ಹೋಲ್ಟ್ಜ್ ಕಥೆಗಾರರ ಕಲ್ಪನೆ.

ಮರುದಿನ ತರಗತಿಯಲ್ಲಿ ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಮಕ್ಕಳು ನಗುತ್ತಾರೆಂಬ ಅಳುಕಿತ್ತು, ಹಿಂದೆ ಕುಳಿತ ವೀಕ್ಷಕ ಅಧ್ಯಾಪಕರ ಅಂಕಪಟ್ಟಿಯ ಭಯವೂ ಇತ್ತು. ಯಾರೂ ನಗಲಿಲ್ಲ. ಚಿತ್ರದಲ್ಲಿ ನಿಜವೆಷ್ಟು, ಸೇರಿಸಿದ್ದೆಷ್ಟು ಎಂದು ಕಪ್ಪುಹಲಗೆಯ ಮೇಲೆ ಎರಡು ಕಲಂ ಮಾಡಿ ಮಕ್ಕಳಿಂದಲೇ ತುಂಬಿಸಿದೆ. ಕಂಪನ ಗಾಳಿಯಲ್ಲಿದ್ದರೂ ಒಳಕಿವಿ ಅದನ್ನು ನರಸಂಕೇತವಾಗಿ ಬದಲಿಸದಿದ್ದರೆ ಕೇಳಿಸದು ಎಂಬ ಅಂಶಕ್ಕೆ ಅಲ್ಲಿಂದಲೇ ದಾರಿಯಾಯಿತು.

ಪಾಠ ಮುಗಿದ ಮೇಲೆ ಆ ಹುಡುಗಿ ಬಂದು, ನಾನು ಹಲಗೆಯ ಕಡೆ ತಿರುಗಿ ಮಾತನಾಡಿದಾಗ ತನಗೆ ಏನೂ ತಿಳಿಯುವುದಿಲ್ಲ ಎಂದಳು. ಮೂರು ವಾರಗಳಿಂದ ನಾನು ಹಾಗೆಯೇ ಪಾಠ ಮಾಡುತ್ತಿದ್ದೆ. ಈಗ ಮೊದಲು ಬರೆಯುತ್ತೇನೆ, ಆಮೇಲೆ ತರಗತಿಯತ್ತ ತಿರುಗಿ ಮಾತನಾಡುತ್ತೇನೆ.